ಟವರ್ ಎದ್ದ ವರ್ಷದ ಬಾಣಂತನ

ಹೋದ ವಾರ ಕಾಲೇಜಿನಿಂದ ಬಂದು ಗೇಟಿನ ಚಿಲಕ ತೆಗೆಯುತ್ತಿದ್ದಾಗ ಲೋಬಾನದ ಹೊಗೆ ಮೂಗಿಗೆ ಬಡಿಯಿತು. ಮಳೆ ಬಂದು ಆಗಷ್ಟೇ ನಿಂತಿತ್ತು. ಒದ್ದೆ ಗಾಳಿಯಲ್ಲಿ ಹೊಗೆ ಮೇಲೇರಲಾರದೆ ರಸ್ತೆಯಲ್ಲೇ ಸುಳಿದಾಡುತ್ತಿತ್ತು. ಲೋಬಾನದ ಜೊತೆಗೆ ಬೆಳ್ಳುಳ್ಳಿ ಸಿಪ್ಪೆ, ಓಮದ ಕಾಳು. ಇದು ದೇವರ ಮುಂದಿನ ಧೂಪವಲ್ಲ, ಬಾಣಂತಿಯ ತಲೆಗೂದಲು ಆರಿಸುವ ಹೊಗೆ ಎಂದು ಯಾವ ಹೆಂಗಸಿಗಾದರೂ ತಕ್ಷಣ ಗೊತ್ತಾಗುತ್ತದೆ. ಎಲ್ಲಿಂದ ಎಂದು ಕತ್ತೆತ್ತಿದರೆ ಎದುರು ಸಾಲಿನ ಮಂಜುನಾಥರ ಮನೆ. ಮಹಡಿಯ ತಂತಿಯ ಮೇಲೆ ಅಂಗೈಯಗಲದ ಅಂಗಿಗಳು ತೂಗುತ್ತಿದ್ದವು. ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ.

ಮಂಜುನಾಥರ ಮನೆಗೂ ಪಕ್ಕದ ಬೈಲಪ್ಪನವರ ಮನೆಗೂ ನಡುವೆ ಇರುವುದು ಒಂದು ಗೋಡೆ. ಬೈಲಪ್ಪನವರ ತಾರಸಿಯ ಮೇಲೆ ಇರುವುದು ಮೊಬೈಲ್ ಟವರ್. ಆ ಟವರಿನ ನೆರಳು ಬೀಳುವ ಜಾಗದಲ್ಲೇ ಮಂಜುನಾಥರ ಮೊಮ್ಮಗುವಿನ ಬಟ್ಟೆ ಒಣಗುತ್ತಿದೆ. ನೋಡಿ ಸಂತೋಷಪಡಬೇಕಾದವಳು ನಾನು ಉರಿದುಹೋದೆ. ಉರಿದುಕೊಂಡೆನೆಂದು ನಾಚಿಕೆಯೇನೂ ಆಗಲಿಲ್ಲ. ಯಾಕೆಂದರೆ ಇದೇ ಮಂಜುನಾಥರು ಕೆಲವು ವರ್ಷಗಳ ಹಿಂದೆ ಇದೇ ರಸ್ತೆಯ ನಡುವೆ ಮೈಕು ಹಿಡಿದು, ಈ ಟವರ್ ಬಂದರೆ ಗರ್ಭಿಣಿಯರು ಬಸವೇಶ್ವರನಗರವನ್ನೇ ಬಿಟ್ಟು ಹೋಗಬೇಕಾಗುತ್ತದೆ ಎಂದು ಕೂಗಿದ್ದರು. ಹೋದ ತಿಂಗಳು ಅವರೇ ನಮ್ಮ ರಸ್ತೆಯ ವಾಟ್ಸಾಪ್ ಗುಂಪಿನಲ್ಲಿ, ಮನೆಯೊಳಗೆ ಸಿಗ್ನಲ್ ಒಂದೇ ಕಡ್ಡಿ ತೋರಿಸುತ್ತಿದೆ, ಯಾರಿಗೆ ಕಂಪ್ಲೇಂಟ್ ಕೊಡಬೇಕು ಎಂದು ಕೇಳಿದ್ದರು. ಅದಕ್ಕೆ ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದ್ದರು. ಒಬ್ಬರಿಗೂ ಹಳೆಯದು ನೆನಪಿಲ್ಲ. ನನಗೆ ಮಾತ್ರ ಎಲ್ಲ ನೆನಪಿದೆ, ಅದೇ ನನ್ನ ಕಷ್ಟ.

ಅದು ಫೈವ್ ಜಿ ಬಂದ ಹೊಸತು. ನಮ್ಮ ಚೈತ್ರಾ ಬಸುರಿಯಾದ ವರ್ಷ. ಚೈತ್ರಾ ನಮ್ಮ ಒಬ್ಬಳೇ ಮಗಳು, ಕೆಂಗೇರಿ ಉಪನಗರಕ್ಕೆ ಕೊಟ್ಟಿದ್ದೆವು. ಅದಕ್ಕೂ ಹಿಂದಿನ ವರ್ಷ ಒಮ್ಮೆ ನಿಂತು ಮೂರನೇ ತಿಂಗಳಿಗೇ ಹೋಗಿತ್ತು. ಯುಗಾದಿಗೆಂದು ನಮ್ಮ ಮನೆಗೆ ಬಂದಿದ್ದಾಗಲೇ ಅದು ಆಗಿದ್ದು. ಡಾಕ್ಟರು, ಇದಕ್ಕೆ ಕಾರಣ ಅಂತ ಏನೂ ಇರಲ್ಲ, ಎಷ್ಟೋ ಜನಕ್ಕೆ ಆಗುತ್ತೆ ಎಂದು ಸಮಾಧಾನ ಹೇಳಿ ಕಳಿಸಿದ್ದರು. ಹಾಗಾಗಿ ಈ ಸಲ ಏಳು ತಿಂಗಳು ತುಂಬಿ, ಶ್ರಾವಣದಲ್ಲಿ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿದಾಗ ನಾನು ಅಡುಗೆಮನೆಗೆ ಹೋಗಿ ಒಂದು ಸಲ ಅತ್ತು ಬಂದೆ. ಪಿತೃಪಕ್ಷ ಕಳೆದು ನವರಾತ್ರಿಯಲ್ಲಿ ಕರೆದುಕೊಂಡು ಬರುವುದು, ಹೆರಿಗೆ, ಬಾಣಂತನ ಎರಡೂ ನಮ್ಮಲ್ಲೇ ಎಂದು ಬೀಗರ ಜೊತೆ ಮಾತಾಗಿತ್ತು.

ನನಗೆ ಆ ಬಾಣಂತನ ಎಷ್ಟು ಬೇಕಾಗಿತ್ತೆಂದು ಹೇಳಿದರೆ ನಗುತ್ತೀರಿ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಮಗಳನ್ನು ಸಾಕಿದ್ದೆಲ್ಲ ಓಡುವ ಬಸ್ಸಿನಲ್ಲಿ, ವ್ಯಾಲ್ಯುಯೇಷನ್ ಗಲಾಟೆಯಲ್ಲಿ, ಲ್ಯಾಬು ಪರೀಕ್ಷೆಯ ನಡುವೆ. ಅವಳ ಜೊತೆ ಬೇರೆ ಕೆಲಸವಿಲ್ಲದೆ ಕೂತ ಒಂದು ತಿಂಗಳೂ ನನಗೆ ಸಿಕ್ಕಿರಲಿಲ್ಲ. ಬಾಣಂತನವೆಂದರೆ ಮಗಳು ಎಲ್ಲಿಗೂ ಹೋಗುವಂತಿಲ್ಲ, ನಾನೂ ಎಲ್ಲಿಗೂ ಹೋಗುವಂತಿಲ್ಲ. ರಜೆ ಕೂಡಿಟ್ಟುಕೊಂಡಿದ್ದೆ. ನನ್ನ ಅಮ್ಮ ನನಗೆ ನೀರು ಕಾಯಿಸಿ ಹಾಕಿದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದೆ. ಮೆತ್ತಗಾದ ಹತ್ತಿ ಸೀರೆಗಳನ್ನು ಒಗೆದು ಮಡಚಿಟ್ಟೆ. ರಸ್ತೆ ಕಡೆಯ ಕೋಣೆಗೆ ಸುಣ್ಣ ಹೊಡೆಸಿ ಮಂಚ ಹಾಕಿಸಿದೆ. ಆ ಕೋಣೆಯ ಕಿಟಕಿ ತೆಗೆದರೆ ನೇರವಾಗಿ ಕಾಣುವುದು ಬೈಲಪ್ಪನವರ ತಾರಸಿ.

ಬೈಲಪ್ಪನವರು ಈ ಬಡಾವಣೆ ಇನ್ನೂ ರಾಗಿ ಹೊಲವಾಗಿದ್ದಾಗಿನ ಮನೆತನದವರು. ಮೂರಂತಸ್ತಿನ ಮನೆ ಕಟ್ಟಿ ಎರಡನ್ನು ಬಾಡಿಗೆಗೆ ಕೊಟ್ಟು, ಬೆಳಗ್ಗೆಯಿಂದ ಸಂಜೆಯವರೆಗೆ ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂತಿರುತ್ತಿದ್ದರು. ಟವರ್ ಕಂಪನಿಯವರು ಬಂದು ತಾರಸಿ ಕೇಳಿದಾಗ, ಅದೂ ಬಾಡಿಗೆಯಲ್ಲವೇ ಎಂದು ಒಪ್ಪಿಕೊಂಡರು. ಗಣೇಶನ ಹಬ್ಬಕ್ಕೆ ಮುಂಚೆ ಕಬ್ಬಿಣದ ಪೈಪುಗಳು ಬಂದು ಅವರ ಕಾಂಪೌಂಡಿನಲ್ಲಿ ಬಿದ್ದವು. ಆ ಪೈಪುಗಳನ್ನು ನೋಡಿದ ಮರುದಿನವೇ ನಮ್ಮ ರಸ್ತೆಯಲ್ಲಿ ನಾಲ್ಕು ಜನಕ್ಕೆ ತಲೆನೋವು ಶುರುವಾಯಿತು. ತಮಾಷೆಗೆ ಹೇಳುತ್ತಿಲ್ಲ. ಮೂಲೆಮನೆಯ ಆಂಟಿ ನನ್ನನ್ನು ನಿಲ್ಲಿಸಿ, "ರಾತ್ರಿಯೆಲ್ಲ ನಿದ್ದೆ ಇಲ್ಲ ಮೇಡಂ, ಕಿವೀಲಿ ಗುಂಯ್ ಅನ್ನುತ್ತೆ," ಅಂದರು. ಅದಿನ್ನೂ ಪೈಪು ಆಂಟಿ, ಕರೆಂಟೂ ಬಂದಿಲ್ಲ ಎಂದೆ. ಅವರಿಗೆ ನನ್ನ ಮೇಲೆ ಕೋಪ ಬಂತೇ ಹೊರತು ತಲೆನೋವು ಹೋಗಲಿಲ್ಲ.

ಮಂಜುನಾಥರು ಪ್ಲೈವುಡ್ ಅಂಗಡಿಯವರು. ಮಾತು, ಓಡಾಟ ಎರಡಕ್ಕೂ ಮುಂದು. ಅವರೇ ಹೋರಾಟ ಹಿಡಿದರು. ಮನೆಮನೆಗೆ ಹೋಗಿ ಸಹಿ ಹಾಕಿಸಿದರು, ಕಚೇರಿಗಳಿಗೆ ಅಲೆದರು. ಯಾವ ಕಚೇರಿಯವರೂ ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಒಂದು ಕಡೆಯವರು ಇನ್ನೊಂದು ಕಡೆಗೆ ಕಳಿಸಿದರು, ಆ ಕಡೆಯವರು ಮೊದಲನೆಯ ಕಡೆಗೇ ತಿರುಗಿಸಿದರು. ಜನರನ್ನು ಒಂದು ಗಂಟೆ ಕೂರಿಸಿ ಸಾವಧಾನವಾಗಿ ವಿವರಿಸುವ ಒಬ್ಬ ಮನುಷ್ಯನನ್ನು ಯಾರಾದರೂ ಕಳಿಸಿದ್ದರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತಿತ್ತು. ಕಂಪನಿಯವರಂತೂ ರಸ್ತೆಯ ಒಬ್ಬರನ್ನೂ ಮಾತಾಡಿಸಲಿಲ್ಲ. ಯಾರೂ ಏನೂ ಹೇಳದ ಕಡೆ ವಾಟ್ಸಾಪ್ ಎಲ್ಲವನ್ನೂ ಹೇಳಿತು. ಯಾವುದೋ ದೇಶದ ಸತ್ತ ಹಕ್ಕಿಗಳ ಫೋಟೋ, ಒಣಗಿದ ಮರ, ಬಿಳಿ ಕೋಟು ಹಾಕಿಕೊಂಡ ಯಾರೋ ಒಬ್ಬರ ಭಾಷಣ. ಫೋನಿನ ಬೆನ್ನಿಗೆ ಅಂಟಿಸುವ ಸಗಣಿಯ ಬಿಲ್ಲೆಯನ್ನೂ ಒಬ್ಬರು ತಂದು ಹಂಚಿದರು. ಅದೆಲ್ಲವನ್ನೂ ಜನ ನೋಡುತ್ತಿದ್ದದ್ದು ಮೊಬೈಲಿನಲ್ಲಿ, ನೆಟ್‌ವರ್ಕ್ ಸಿಗದಿದ್ದರೆ ತಾರಸಿ ಹತ್ತಿ.

ಪೈಪುಗಳನ್ನು ಮೇಲೆತ್ತಲು ಕ್ರೇನ್ ಬರುವ ದಿನ ಗೊತ್ತಾದ ಮೇಲೆ ಮಂಜುನಾಥರಿಗೆ ಉಪಾಯವೊಂದು ಹೊಳೆಯಿತು. ರಸ್ತೆಗೆ ಅಣ್ಣಮ್ಮನನ್ನು ಕೂರಿಸೋಣ ಎಂದರು. ನಮ್ಮ ಕಡೆ ಅಣ್ಣಮ್ಮ ತಾಯಿಯನ್ನು ಬೀದಿಗೆ ಕರೆಸಿ, ರಸ್ತೆಯಗಲಕ್ಕೂ ಪೆಂಡಾಲ್ ಹಾಕಿದರೆ ಪೊಲೀಸರೂ ದಾರಿ ಬಿಡಿ ಎನ್ನುವುದಿಲ್ಲ. ಕ್ರೇನ್ ಹೇಗೆ ಬರುತ್ತದೆ ನೋಡೋಣ ಎಂಬ ಲೆಕ್ಕ. ಅಂತೂ ಗಣೇಶನನ್ನು ಬಿಟ್ಟು ವಾರವೂ ಆಗಿರಲಿಲ್ಲ, ತಾಯಿ ಬಂದಳು. ಸರಪಟಾಕಿ, ತಮಟೆ, ಬೈಲಪ್ಪನವರ ಗೇಟಿನ ಎದುರಿಗೇ ಮಂಟಪ. ಬೈಲಪ್ಪನವರೇ ಮೊದಲ ಹಾರ ತಂದು ಹಾಕಿ ಕೈಮುಗಿದು ಹೋಗಿ ಜಗಲಿಯಲ್ಲಿ ಕೂತರು.

ಮೊದಲ ದಿನದ ಪೂಜೆ ಮುಗಿದ ಮೇಲೆ ಅದೇ ಪೆಂಡಾಲಿನಲ್ಲಿ ಸಭೆ ಸೇರಿತು. ಹೊರಗೆ ಸೋನೆ ಮಳೆ. ನಾನು ಪ್ರಸಾದ ತೆಗೆದುಕೊಂಡು ಹೊರಡುವವಳಿದ್ದೆ. ಮಂಜುನಾಥರು ಮೈಕಿನಲ್ಲೇ ಕರೆದರು. "ವಿಮಲಾ ಮೇಡಂ ಇದಾರೆ ನಮ್ಮ ಜೊತೆ. ಫಿಸಿಕ್ಸ್‌ನೋರು. ಈ ರೇಡಿಯೇಷನ್ ಎಷ್ಟು ಡೇಂಜರ್ ಅಂತ ಅವ್ರೇ ಎರಡು ಮಾತು ಹೇಳ್ಲಿ."

ನನ್ನವರು ಪಕ್ಕದಲ್ಲೇ ಇದ್ದರು. "ಬೇಡ ಕಣೇ, ಬಾ ಮನೆಗೆ," ಎಂದು ಸೀರೆಯ ಸೆರಗು ಎಳೆದರು. ಆದರೆ ವರ್ಷಗಟ್ಟಲೆ ಪಾಠ ಮಾಡಿದವರ ಕೈಗೆ ಮೈಕು ಸಿಕ್ಕರೆ ಸುಮ್ಮನಿರಲು ಆಗುತ್ತದೆಯೇ? ಮಾತಾಡಿದೆ. ರೇಡಿಯೇಷನ್ ಎಂದ ಕೂಡಲೇ ಎಕ್ಸ್‌ರೇ ನೆನೆಸಿಕೊಂಡು ಹೆದರಬೇಡಿ, ಸೂರ್ಯನ ಬೆಳಕೂ ರೇಡಿಯೇಷನ್ನೇ, ರೇಡಿಯೋದಲ್ಲಿ ವಾರ್ತೆ ಬರುವುದೂ ಅದರಿಂದಲೇ ಎಂದೆ. ಎಕ್ಸ್‌ರೇಗೆ ಜೀವಕೋಶದ ಒಳಗನ್ನು ಮುರಿಯುವ ಶಕ್ತಿ ಇದೆ, ಮೊಬೈಲ್ ತರಂಗಕ್ಕೆ ಇಲ್ಲ ಎಂದೆ. ತೀರಾ ಹತ್ತಿರದಲ್ಲಿ ತೀರಾ ಜೋರಾಗಿದ್ದರೆ ಬಿಸಿಯಾಗುತ್ತದೆ, ಅದಕ್ಕೇ ಮಿತಿ ಎಂದು ಇಟ್ಟಿದ್ದಾರೆ ಎಂದೆ. ಮೂಲೆಮನೆಯ ಆಂಟಿ ಎದ್ದು, "ಗುಬ್ಬಿಗಳೆಲ್ಲ ಸತ್ತೋದ್ವಲ್ಲ ಮೇಡಂ?" ಅಂದರು. ನಮ್ಮ ರಸ್ತೆಯ ಗುಬ್ಬಿಗಳು ಹೆಂಚಿನ ಮನೆ ಹೋಗಿ ಕಾಂಕ್ರೀಟು ಬಂದಾಗಲೇ ಹೋದವು ಎಂದೆ.

ಮಂಜುನಾಥರು ನನ್ನನ್ನು ಬಿಡಲಿಲ್ಲ. "ಅದೆಲ್ಲ ಇರ್ಲಿ ಮೇಡಂ. ತೊಂದರೆ ಇದೆಯಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ."

"ಮಿತಿಯೊಳಗೆ ಇದ್ರೆ ತೊಂದರೆ ಆಗುತ್ತೆ ಅನ್ನೋಕೆ ಇಲ್ಲೀವರೆಗೂ ಗಟ್ಟಿ ಆಧಾರ ಸಿಕ್ಕಿಲ್ಲ. ಸಂಶೋಧನೆ ಇನ್ನೂ ಮಾಡ್ತಾನೇ ಇದಾರೆ."

"ಅಂದ್ರೆ ಇಲ್ಲ ಅಂತಾನಾ, ಗೊತ್ತಿಲ್ಲ ಅಂತಾನಾ?"

ಜನ ನಕ್ಕರು. ಇಲ್ಲಿಯೇ ನನ್ನ ತಾಳ್ಮೆ ಕೆಟ್ಟದ್ದು. ವಿಜ್ಞಾನದಲ್ಲಿ ಪ್ರಾಮಾಣಿಕವಾಗಿ ಹೇಳಬಹುದಾದ ವಾಕ್ಯ ಅದೊಂದೇ. ಅದು ಮೈಕಿನಲ್ಲಿ ಬಂದರೆ ನುಣುಚಿಕೊಳ್ಳುವವರ ಮಾತಿನ ಹಾಗೆ ಕೇಳುತ್ತದೆ. ಸುಳ್ಳು ಹೇಳುವವನಿಗೆ ಆ ತಾಪತ್ರಯವಿಲ್ಲ, ಅವನು ಒಂದೇ ಮಾತಿನಲ್ಲಿ ಹೇಳಿ ಕೂರುತ್ತಾನೆ. ನನಗೂ ರೇಗಿಹೋಯಿತು. "ನೀವು ಕಿವಿಗೆ ಒತ್ತಿಕೊಂಡಿರೋ ಫೋನಿಂದ ನಿಮ್ಮ ತಲೆಗೆ ಬರೋದು ಆ ಟವರಿಂದ ಬರೋದಕ್ಕಿಂತ ಜಾಸ್ತಿ ಕಣ್ರೀ! ಆ ಟವರ್‌ಗೆ ಹೆದರೋದು ದಡ್ಡತನ!" ಎಂದು ಮೈಕು ಕೊಟ್ಟು ಇಳಿದುಬಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮರುದಿನ ಕ್ರೇನ್ ರಸ್ತೆಯ ತುದಿಯವರೆಗೆ ಬಂದು, ಪೆಂಡಾಲ್ ನೋಡಿ, ಹಿಂದಕ್ಕೆ ಹೋಯಿತು. ಜನ ಕೇಕೆ ಹಾಕಿದರು. ಆದರೆ ಕಂಪನಿಯ ಕೆಲಸದ ಹುಡುಗರು ಹೋಗಲಿಲ್ಲ. ಎಂಟು ಹತ್ತು ಜನ, ಮಾತಿನಲ್ಲಿ ರಾಯಚೂರು ಕಡೆಯವರು. ಚಪ್ಪಲಿ ಬಿಟ್ಟು ಅಣ್ಣಮ್ಮನಿಗೆ ಅಡ್ಡಬಿದ್ದರು. ಅನ್ನದಾನದ ಸಾಲಿನಲ್ಲಿ ಕೂತು ಪಲಾವು, ಕೇಸರಿಬಾತು ಉಂಡರು. ಮಂಜುನಾಥರೇ, "ಹಾಕಿಸ್ಕೊಳ್ಳಿ, ಹಾಕಿಸ್ಕೊಳ್ಳಿ," ಎಂದು ಉಪಚಾರ ಮಾಡಿದರು. ಸಂಜೆ ಆರ್ಕೆಸ್ಟ್ರಾ ಶುರುವಾಯಿತು. ಇಡೀ ರಸ್ತೆ ಸ್ಟೇಜಿನ ಕಡೆ ಮುಖ ಮಾಡಿ ಕೂತಿದ್ದಾಗ, ಆ ಹುಡುಗರು ಬೈಲಪ್ಪನವರ ಹಿಂದಿನ ಮೆಟ್ಟಿಲಿನಿಂದ ಒಂದೊಂದೇ ಪೈಪನ್ನು ಹೆಗಲ ಮೇಲೆ ಹೊತ್ತು ಮೇಲೆ ಸಾಗಿಸಿದರು. ಬೋಲ್ಟು ಬಿಗಿಯುವ ಸದ್ದೂ ಕೇಳದಷ್ಟು ಜೋರಾಗಿ ಹಾಡು. ತಾಯಿಯನ್ನು ಕಳಿಸಿಕೊಟ್ಟು ಪೆಂಡಾಲ್ ಬಿಚ್ಚಿದಾಗ ಜನ ಮೇಲೆ ನೋಡಿದರು. ಟವರ್ ನಿಂತಿತ್ತು. ದೇವಿಯೇ ಅವರಿಗೆ ಅಪ್ಪಣೆ ಕೊಟ್ಟಳು ಎಂದು ಬೈಲಪ್ಪನವರು ಜಗಲಿಯಿಂದಲೇ ಹೇಳಿದರು.

ಟವರ್ ನಿಲ್ಲಿಸಲಾಗದ ಸಿಟ್ಟಿಗೆ ಯಾರಾದರೂ ಒಬ್ಬರು ಬೇಕಿತ್ತು. ನಾನು ಸಿಕ್ಕೆ. ನನ್ನ ಭಾಷಣವನ್ನು ಯಾರೋ ರೆಕಾರ್ಡ್ ಮಾಡಿದ್ದರು. ಎಲ್ಲ ಕತ್ತರಿಸಿ, ಹೆದರೋದು ದಡ್ಡತನ ಎಂಬ ಕೊನೆಯ ಮಾತನ್ನಷ್ಟೇ ಉಳಿಸಿ ಹರಿಬಿಟ್ಟರು. ಅದಕ್ಕೆ ನಗುವ ಮುಖಗಳು, ಕೋಪದ ಮುಖಗಳು. ಕಂಪನಿಯವರು ಮೇಡಂಗೆ ಎಷ್ಟು ಕೊಟ್ಟರಂತೆ ಎಂಬ ಪ್ರಶ್ನೆ. ತರಕಾರಿ ಗಾಡಿಯವನೂ ನನ್ನನ್ನು "ಟವರ್ ಮೇಡಂ" ಎಂದು ಗುರುತಿಸತೊಡಗಿದ. ಇದೆಲ್ಲವನ್ನೂ ತಡೆದುಕೊಳ್ಳುತ್ತಿದ್ದೆ. ಪಿತೃಪಕ್ಷದ ನಡುವೆ ಒಂದು ದಿನ ಕೆಂಗೇರಿಯಿಂದ ಫೋನು ಬಂತು, ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಮಾಡಿದವರು ನನ್ನ ಬೀಗಿತ್ತಿ ಲಲಿತಮ್ಮ. ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ನಯವಾದ ಮಾತು. "ನಿಮ್ಮ ವಿಡಿಯೋ ಇಲ್ಲೀಗೂ ಬಂತು ವಿಮಲಮ್ಮ," ಎಂದು ಶುರು ಮಾಡಿದರು. ಆಮೇಲೆ ಸ್ವಲ್ಪ ಹೊತ್ತು ಮಳೆ, ಕೆಮ್ಮು, ಇನ್ನೇನೋ ಮಾತಾಡಿ, "ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮನೆ ಎದುರಿಗೇ ಟವರ್ ಬಂದಿದೆಯಂತೆ. ಹೆರಿಗೆ, ಬಾಣಂತನ ಈ ಸಲ ನಮ್ಮಲ್ಲೇ ಆಗ್ಲಿ. ನೀವೂ ಇಲ್ಲೇ ಬಂದಿರಿ," ಅಂದರು.

ನಾನು ಬೆಳಗಿಟ್ಟ ಹಂಡೆಯ ಮುಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. ವಿದ್ಯಾವಂತರು, ಬ್ಯಾಂಕು ನಡೆಸಿದವರು, ಇವರೂ ಹೀಗೆ ಹೇಳಿದರೆ ಮೂಲೆಮನೆಯ ಆಂಟಿಯನ್ನು ಬೈದು ಏನು ಬಂತು ಎನ್ನಿಸಿತು. ಫೋನಿಟ್ಟ ಮೇಲೆ ನನ್ನವರ ಮೇಲೆ ರೇಗಾಡಿದೆ. ಅವರು, ಬೇಕಾದರೆ ಬಾಪೂಜಿನಗರದ ನನ್ನ ತಂಗಿಯ ಮನೆಯಲ್ಲಿ ಇರೋಣ, ಅಲ್ಲಿ ಟವರ್ ಇಲ್ಲ ಎಂದರು. ನನ್ನ ಮಗಳ ಬಾಣಂತನಕ್ಕೆ ನಾನು ಇನ್ನೊಬ್ಬರ ಮನೆ ಹುಡುಕಬೇಕೆ ಎಂದು ಅವರಿಗೂ ಬೈದೆ.

ಸೋಲುವ ಸ್ವಭಾವ ನನ್ನದಲ್ಲ. ಅಳತೆ ಮಾಡಿಸಲು ಅರ್ಜಿ ಹಾಕಿದೆ. ಟವರ್ ಚಾಲೂ ಆದ ಮೇಲೆ ಟೆಲಿಕಾಂ ಇಲಾಖೆಯ ಇಬ್ಬರು ಮೀಟರು ಹಿಡಿದು ಬಂದರು. ತಾರಸಿಯಲ್ಲಿ, ಗೇಟಿನಲ್ಲಿ, ನಾನು ಸಿದ್ಧ ಮಾಡಿಟ್ಟಿದ್ದ ಕೋಣೆಯ ಮಂಚದ ಮೇಲೆ ಇಟ್ಟು ಅಳೆದರು. ಎಲ್ಲೂ ಮಿತಿಯ ಹತ್ತಿರಕ್ಕೂ ಬರಲಿಲ್ಲ. ನಾನು ಆ ಕಾಗದವನ್ನು ಗುಂಪಿಗೆ ಹಾಕಿದರೆ ಮಂಜುನಾಥರು ಬರೆದರು, "ಮೀಟ್ರು ಅವರದು, ಕಾಗದ ಅವರದು, ಇನ್ನೇನು ಬರೀತಾರೆ ಮೇಡಂ?" ನಲವತ್ತು ಮಕ್ಕಳ ಕ್ಲಾಸಿನಲ್ಲಿ ತರಂಗಾಂತರ ಬೋರ್ಡಿನ ಮೇಲೆ ಬರೆಯುತ್ತಾ ಅರ್ಧಕ್ಕೇ ನಿಂತುಬಿಟ್ಟೆ ಆ ದಿನ. ಇವರೂ ನಾಳೆ ಪರೀಕ್ಷೆ ಬರೆದು, ನಂಬರು ತೆಗೆದುಕೊಂಡು, ಮನೆಗೆ ಹೋಗಿ ಫಾರ್ವರ್ಡ್ ನಂಬುತ್ತಾರೆ ಎನಿಸಿ ಸೀಮೆಸುಣ್ಣ ಹಿಡಿಯಲು ಮನಸ್ಸಾಗಲಿಲ್ಲ.

ನವರಾತ್ರಿಯ ಮೊದಲ ಭಾನುವಾರ ಆ ಕಾಗದ ಹಿಡಿದು ಕೆಂಗೇರಿಗೆ ಹೊರಟೆ. ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಿಟಕಿಯ ಪಕ್ಕ ಕೂತೆ. ಮೈಸೂರು ರಸ್ತೆ ದಾಟುತ್ತಿದ್ದಂತೆ ಕೆಳಗೆ ವೃಷಭಾವತಿ, ಮಳೆಗೆ ತುಂಬಿ ಕಪ್ಪು ನೀರಿನ ಮೇಲೆ ಬಿಳಿ ನೊರೆ. ಇಳಿದಾಗ ಗಾಳಿ ತಿರುಗಿದರೆ ಆ ನಾತ ಬೀಗರ ಓಣಿಯವರೆಗೂ ಬರುತ್ತದೆ. ಮೂಗಿಗೇ ಬಡಿಯುವ ಆ ಹೊಲಸಿನ ವಿರುದ್ಧ ಸಹಿ ಹಾಕಿಸಿದವರನ್ನು ನಾನು ಕಾಣೆ. ಕಣ್ಣಿಗೆ ಕಾಣುವುದಕ್ಕೆ ನಾವು ಹೊಂದಿಕೊಳ್ಳುತ್ತೇವೆ, ಕಾಣದ್ದಕ್ಕೆ ಮಾತ್ರ ಪೆಂಡಾಲ್ ಹಾಕುತ್ತೇವೆ. ಇದನ್ನೇ ಲಲಿತಮ್ಮನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ.

ಚೈತ್ರಾ ಹಾಲ್‌ನಲ್ಲಿ ಕಾಲು ಚಾಚಿ ಕೂತು ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದಳು. ಮುಖ ತುಂಬಿಕೊಂಡು, ಪಾದ ಊದಿಕೊಂಡು, ನೋಡಿದರೆ ಎತ್ತಿಕೊಂಡು ಬರೋಣ ಅನ್ನುವ ಹಾಗಿದ್ದಳು. ನಾನು ಕಾಗದ ತೆಗೆದು ಟೀಪಾಯಿಯ ಮೇಲೆ ಹರಡಿ, ಅಂಕಿಗಳನ್ನು ತೋರಿಸಿ, ಮಿತಿ ಎಂದರೇನು, ನಮ್ಮಲ್ಲಿ ಬಂದದ್ದೇನು ಎಂದು ಹೇಳಿದೆ. ಅವರ ಗೋಡೆಯ ಮೇಲಿದ್ದ ವೈಫೈ ಡಬ್ಬಿಯನ್ನೂ ತೋರಿಸಿದೆ. ಚೈತ್ರಾ ಮಲಗುವ ಕೋಣೆಯ ಬಾಗಿಲ ಮೇಲೇ ಇತ್ತು ಅದು. ಲಲಿತಮ್ಮ ವಾದ ಮಾಡಲಿಲ್ಲ. ಎದ್ದುಹೋಗಿ ಅದರ ಪ್ಲಗ್ ಕಿತ್ತರು. ಒಳಗೆ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ ಬೀಗರು, "ಏನಾಯ್ತು, ನಿಂತೋಯ್ತಲ್ಲ!" ಎಂದು ಕೂಗಿದರು. "ಇನ್ಮೇಲೆ ಅಷ್ಟೇ, ಟೀವೀಲಿ ನೋಡಿ," ಎಂದು ಹೇಳಿ ಲಲಿತಮ್ಮ ಬಂದು ಕೂತರು.

"ಚೆನ್ನಾಗಿ ತಿಳಿಸಿ ಹೇಳಿದ್ರಿ ವಿಮಲಮ್ಮ. ಆದ್ರೂ ಇಲ್ಲೇ ಇರ್ಲಿ ಬಿಡಿ."

"ಇನ್ನೇನು ತಂದು ತೋರಿಸ್ಲಿ ನಿಮಗೆ? ನೀವು ಬ್ಯಾಂಕಲ್ಲಿ ಇದ್ದೋರು. ಅಂಕಿ ಅಂಶ ಗೊತ್ತಾಗಲ್ವಾ?"

"ಗೊತ್ತಾಗುತ್ತೆ. ಮನಸ್ಸು ಒಪ್ತಿಲ್ಲ. ಬೇಕಾದ್ರೆ ನನ್ನ ಬೈಕೊಳ್ಳಿ."

ನಾನು ಮಗಳ ಕಡೆ ತಿರುಗಿದೆ. "ನೀನಾದ್ರೂ ಹೇಳೇ ಚೈತ್ರಾ."

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಅತ್ತೆ ಹೇಳ್ದಂಗೇ ಆಗ್ಲಿ ಬಿಡಮ್ಮ."

ಅತ್ತೆಗೆ ಹೆದರಿ ಹೀಗೆನ್ನುತ್ತಿದ್ದಾಳೆ ಎಂದುಕೊಂಡೆ. ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಎದ್ದುಬಂದೆ. ಮೆಟ್ರೋದಲ್ಲಿ ಎದುರು ಕೂತ ಹೆಂಗಸು, ಯಾಕಮ್ಮ ಅಳ್ತಾ ಇದೀರಾ ಎಂದು ಕೇಳಿದ ಮೇಲೆಯೇ ನಾನು ಅಳುತ್ತಿರುವುದು ಗೊತ್ತಾಗಿದ್ದು.

ದೀಪಾವಳಿ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ನಾನು ಹಠಕ್ಕೆ ಬಿದ್ದವಳಂತೆ ಹಂಡೆ, ಸೀರೆ, ಬೆಳ್ಳುಳ್ಳಿ, ಮೆಣಸು, ಅಂಟಿನುಂಡೆ ಡಬ್ಬ ಎಲ್ಲ ಆಟೋದಲ್ಲಿ ತುಂಬಿಸಿಕೊಂಡು ಕೆಂಗೇರಿಗೆ ಹೋದೆ. ಹಂಡೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದೆ. ಬೀಗರ ಮನೆಯಲ್ಲಿ ಬಾಣಂತನ ಮಾಡುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ಉಪ್ಪು ಎಲ್ಲಿದೆ ಎಂದು ಕೇಳಬೇಕು. ಸೌಟು ತೊಳೆದು ಅವರು ಇಡುವ ಕಡೆಯೇ ಇಡಬೇಕು. ಬೀಗರು ಪೇಪರು ಓದುವ ಹೊತ್ತಿಗೆ ಹಾಲ್‌ನಲ್ಲಿ ಹೊಗೆ ಹಾಕುವಂತಿಲ್ಲ. ಗ್ಯಾಸ್ ಒಲೆಯ ಮೇಲೆ ನನ್ನ ಹಂಡೆ ಕೂರಲಿಲ್ಲ, ಗೀಸರ್ ನೀರೇ ಗತಿಯಾಯಿತು. ಲಲಿತಮ್ಮ ಒಂದು ಮಾತಿಗೂ ಎದುರಾಡುತ್ತಿರಲಿಲ್ಲ, ಅದೇ ನನಗೆ ಇನ್ನೂ ಕಿರಿಕಿರಿ. ಜಗಳಕ್ಕೆ ಸಿಗದವರ ಮನೆಯಲ್ಲಿ ಕೋಪ ಇಟ್ಟುಕೊಂಡು ಓಡಾಡುವುದು ಸುಲಭವಲ್ಲ.

ಒಂದು ಬೆಳಗ್ಗೆ ಲಲಿತಮ್ಮ ದೇವಸ್ಥಾನಕ್ಕೆ ಹೋಗಿದ್ದರು. ಬೀಗರೂ ಅಳಿಯನೂ ಮನೆಯಲ್ಲಿರಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ಎರೆದು ಮಲಗಿಸಿದ್ದೆ. ಚೈತ್ರಾಳ ತಲೆ ಒರೆಸುತ್ತಾ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದೆ. "ಇದೇ ಎರೆಯೋದು ನಮ್ಮನೆ ಬಚ್ಚಲಲ್ಲಿ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಇರೋದು ಒಬ್ಬಳೇ ಮಗಳು ನನಗೆ. ಟವರ್ ಟವರ್ ಅಂತ ನಿಮ್ಮತ್ತೆ ನನ್ನಿಂದ ಕಿತ್ಕೊಂಡ್ಬಿಟ್ರು. ಸಾಯೋವರೆಗೂ ಇದನ್ನ ಮರೆಯಲ್ಲ ನಾನು."

ಅವಳು ಟವಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅತ್ತೆ ಅಲ್ಲಮ್ಮ. ಬರಲ್ಲ ಅಂದಿದ್ದು ನಾನು."

ನನಗೆ ಅರ್ಥವಾಗಲಿಲ್ಲ. ಏನು ಎಂದು ಇನ್ನೊಮ್ಮೆ ಕೇಳಿದೆ.

"ನಾನೇ ಹೇಳ್ದೆ ಅವರಿಗೆ, ನನಗೆ ಆ ಮನೇಲಿ ಮಲಗೋಕೆ ಭಯ ಆಗುತ್ತೆ ಅಂತ. ಒಂದು ಸಲ ಅಲ್ಲೇ ಹೋಯ್ತಲ್ಲಮ್ಮ. ಕಾರಣ ಇಲ್ಲ ಅಂದ್ರು ಡಾಕ್ಟ್ರು. ಕಾರಣ ಇಲ್ಲ ಅಂದ್ರೆ ನನಗೆ ಹೇಗೆ ನಿದ್ದೆ ಬರ್ಬೇಕು ಹೇಳು? ಆಮೇಲೆ ಎದುರಿಗೇ ಟವರ್ ಬಂತು. ನೀನು ಹೇಳೋದೆಲ್ಲ ಸರಿ ಅಂತ ನನಗೆ ಗೊತ್ತಿತ್ತು, ನಾನೂ ಸೈನ್ಸ್ ಓದಿದೀನಿ. ಗೊತ್ತಿದ್ರೂ ಭಯ ಹೋಗ್ಲಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೆದರೋದು ದಡ್ಡತನ ಅಂದ್ಯಲ್ಲಮ್ಮ, ಮೈಕಲ್ಲಿ."

ನಾನು ಮಂಚದ ತುದಿಯಲ್ಲಿ ಕೂತೆ. ಆ ಮಾತು ನಿನಗೆ ಹೇಳಿದ್ದಲ್ಲ ಎನ್ನಬೇಕೆಂದುಕೊಂಡೆ. ಯಾರಿಗೆ ಹೇಳಿದ್ದು ಹಾಗಾದರೆ? ಮೂಲೆಮನೆಯ ಆಂಟಿಗೆ? ಅವರ ಹೊಟ್ಟೆಯಲ್ಲೂ ಏನಿತ್ತೋ ಎಂದು ನಾನು ಕೇಳಿರಲಿಲ್ಲ. ಅಷ್ಟಾದರೂ ನನ್ನ ಸಿಟ್ಟು ಇಳಿದಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಸುಳ್ಳು ಹರಡಿದವರು ಸುಖವಾಗಿ ಮನೆಯಲ್ಲಿದ್ದಾರೆ, ನಿಜ ಹೇಳಿದ ನನಗೆ ಮಗಳು ಬಾಗಿಲು ಹಾಕಿಕೊಂಡಿದ್ದಾಳೆ. ಇದೆಂಥ ನ್ಯಾಯ ಎಂದು ಯಾರನ್ನು ಕೇಳಲಿ? ಇಷ್ಟು ದಿನ ಬಯ್ಯಲು ಒಬ್ಬ ಬೀಗಿತ್ತಿಯಾದರೂ ಇದ್ದರು. ಈಗ ಅವರೂ ಕೈತಪ್ಪಿದರು.

ಅಷ್ಟರಲ್ಲಿ ಲಲಿತಮ್ಮ ಹೂವು, ಕುಂಕುಮ ಹಿಡಿದುಕೊಂಡು ಒಳಗೆ ಬಂದರು. ನಮ್ಮಿಬ್ಬರ ಮುಖ ನೋಡಿದ ಕೂಡಲೇ ಗೊತ್ತಾಗಿರಬೇಕು. ಮಗುವಿನ ಹಣೆಗೆ ಕುಂಕುಮ ಇಟ್ಟು, ಚೈತ್ರಾಗೆ ಇಟ್ಟು, ನನ್ನ ಮುಂದೆ ಬಂದು ನಿಂತರು.

"ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ ನನಗೆ?" ಎಂದೆ. ಕೃತಜ್ಞತೆ ಹೇಳಬೇಕಾದ ಜಾಗದಲ್ಲಿ ದನಿ ಜೋರಾಗಿಯೇ ಬಂತು. "ಎಷ್ಟು ಬೈ‌ಕೊಂಡೆ ನಿಮ್ಮನ್ನ, ಗೊತ್ತಾ?"

"ಗೊತ್ತಿತ್ತು," ಅಂದರು ಲಲಿತಮ್ಮ. "ನನ್ನ ಮೇಲಾದ್ರೆ ಕೋಪ ಮಾಡ್ಕೊಂಡು ಎದ್ದು ಹೋಗ್ತೀರಿ, ಅಷ್ಟೇ. ಅವಳು ಅಂತ ಹೇಳಿದ್ರೆ ಕೂತ್ಕೊಂಡು ಪಾಠ ಮಾಡ್ತಿದ್ರಿ."

ನನಗೆ ಮತ್ತೆ ರೇಗಿತು. ಇಲ್ಲ, ಬಸುರಿ ಮಗಳು ಭಯ ಎಂದರೆ ಯಾವ ತಾಯಿ ಪಾಠ ಮಾಡುತ್ತಾಳೆ ಎಂದು ಹೇಳಲು ಬಾಯಿ ತೆರೆದೆ. ಆದರೆ ಬಾಯಿಂದ ಬಂದದ್ದು, "ನೋಡಿ, ಆ ತರಂಗಕ್ಕೆ ಅಷ್ಟು ಶಕ್ತೀನೇ ಇರಲ್ಲ ಲಲಿತಮ್ಮ," ಎಂಬ ಮಾತು.